ಸ್ಪೀಕರ್ ತಂತಿಯ ಆಯ್ಕೆ: ಓಮ್ ನಿಯಮ ಏನು ಹೇಳುತ್ತದೆ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಗ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕರು. ಸಂಗೀತದಲ್ಲಿ ಆಸಕ್ತಿಯುಳ್ಳ ಅವರು ಒಂದಷ್ಟು ಹಣ ಕೂಡಿಟ್ಟು ಮನೆಗೆ ಒಂದು ಆಂಪ್ಲಿಫೈಯರನ್ನೂ ಎರಡು ಸ್ಪೀಕರ್‌ಗಳನ್ನೂ ಕೊಂಡರು. ಜೊತೆಯಲ್ಲಿ ಬಂದಿದ್ದ ತಂತಿ ತೀರ ಸಪೂರವಾಗಿತ್ತು, ಉದ್ದವೂ ಸಾಲದು. ಬೇರೆ ತಂತಿ ಕೇಳಿದಾಗ ಅಂಗಡಿಯವರು ತೋರಿಸಿದ್ದು ಪಾರದರ್ಶಕ ಹೊದಿಕೆಯ, ಚಿನ್ನದ ಲೇಪವಿರುವ ಪ್ಲಗ್ಗುಗಳ ಕೇಬಲ್ಲನ್ನು. ಅದರ ಬೆಲೆ ಒಂದು ಸ್ಪೀಕರ್‌ನ ಬೆಲೆಗೆ ಹತ್ತಿರವಾಗಿತ್ತು. ಇದನ್ನು ಹಾಕದಿದ್ದರೆ ಸ್ಪೀಕರ್‌ಗೆ ಕೊಟ್ಟ ದುಡ್ಡೆಲ್ಲ ದಂಡ ಎಂಬ ಮಾತೂ ಬಂತು. ಅವರು ನನಗೆ ದೂರವಾಣಿ ಮಾಡಿ, "ಸರ್, ತಂತಿಯಲ್ಲಿ ಅಷ್ಟೊಂದು ಇದೆಯೇ?" ಎಂದು ಕೇಳಿದರು.

ಅವರೇ ತರಗತಿಯಲ್ಲಿ ಕಲಿಸುವ ಓಮ್ ನಿಯಮದಿಂದ ಈ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತದೆ. ಆದರೆ ನಾನು ಕೊಟ್ಟ ಮೊದಲ ಸಲಹೆಯಲ್ಲಿ ಒಂದು ಲೋಪವಿತ್ತು. ಅದನ್ನು ಪತ್ತೆಹಚ್ಚಿದವರು ಅವರ ವಿದ್ಯಾರ್ಥಿಗಳು. ಆ ಸಂಗತಿಯನ್ನೂ ಮುಂದೆ ಹೇಳುತ್ತೇನೆ.

ತಂತಿಯ ಕೆಲಸವೇನು?

ಆಂಪ್ಲಿಫೈಯರ್ ಸುಮಾರು 20ರಿಂದ 20,000 ಹರ್ಟ್ಸ್ ಆವೃತ್ತಿಯ ಪರ್ಯಾಯ ವಿದ್ಯುತ್ತನ್ನು ಒದಗಿಸುತ್ತದೆ. ಈ ವಿದ್ಯುತ್ತು ತಂತಿಯ ಮೂಲಕ ಹರಿದು ಸ್ಪೀಕರ್‌ನ ಒಳಗಿರುವ ಧ್ವನಿ ಸುರುಳಿಯನ್ನು ತಲಪುತ್ತದೆ. ತಂತಿ ಮತ್ತು ಸುರುಳಿ ಸರಣಿ ಜೋಡಣೆಯಲ್ಲಿರುವುದರಿಂದ ಆಂಪ್ಲಿಫೈಯರ್ ಕೊಡುವ ವಿಭವಾಂತರವು ಇವೆರಡರ ನಡುವೆ ಹಂಚಿಹೋಗುತ್ತದೆ. ತಂತಿಯ ಪಾಲು ಕಡಿಮೆಯಾದಷ್ಟೂ ಒಳ್ಳೆಯದು.

ತಂತಿಯ ರೋಧವನ್ನು ಲೆಕ್ಕ ಹಾಕುವುದು ಸುಲಭ:

ರೋಧ = ರೋಧಶೀಲತೆ × ಉದ್ದ ÷ ಅಡ್ಡಕೊಯ್ತದ ವಿಸ್ತೀರ್ಣ

1 ಮೀಟರ್ ಉದ್ದದ, 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯ ರೋಧ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.0172 ಓಮ್. ವಿದ್ಯುತ್ತು ಹೋಗಿ ಮರಳಿ ಬರಬೇಕು. ಆದ್ದರಿಂದ ಸ್ಪೀಕರ್ 10 ಮೀಟರ್ ದೂರದಲ್ಲಿದ್ದರೆ ಲೆಕ್ಕಕ್ಕೆ ಬರುವ ಉದ್ದ 20 ಮೀಟರ್. ಈ ದೂರಕ್ಕೆ, 8 ಓಮ್ ಸ್ಪೀಕರ್ ಇದ್ದಾಗ, ಬೇರೆ ಬೇರೆ ದಪ್ಪದ ತಂತಿಗಳ ರೋಧ ಮತ್ತು ಅದರಿಂದ ಶಬ್ದದ ಮಟ್ಟದಲ್ಲಾಗುವ ಇಳಿಕೆ ಹೀಗಿರುತ್ತದೆ:

0.2 ಚದರ ಮಿಮೀ: 1.72 ಓಮ್, ಇಳಿಕೆ 1.7 ಡೆಸಿಬೆಲ್
0.5 ಚದರ ಮಿಮೀ: 0.69 ಓಮ್, ಇಳಿಕೆ 0.72 ಡೆಸಿಬೆಲ್
1.0 ಚದರ ಮಿಮೀ: 0.34 ಓಮ್, ಇಳಿಕೆ 0.37 ಡೆಸಿಬೆಲ್
1.5 ಚದರ ಮಿಮೀ: 0.23 ಓಮ್, ಇಳಿಕೆ 0.25 ಡೆಸಿಬೆಲ್
2.5 ಚದರ ಮಿಮೀ: 0.14 ಓಮ್, ಇಳಿಕೆ 0.15 ಡೆಸಿಬೆಲ್

ಸಾಮಾನ್ಯ ಸಂದರ್ಭಗಳಲ್ಲಿ ನಮ್ಮ ಕಿವಿ ಗುರುತಿಸುವ ಅತಿ ಸಣ್ಣ ವ್ಯತ್ಯಾಸ ಸುಮಾರು 1 ಡೆಸಿಬೆಲ್. ಪಳಗಿದ ಕಿವಿಗಳು ಇದಕ್ಕಿಂತ ಕಡಿಮೆ ಅಂತರವನ್ನೂ ಗುರುತಿಸಬಲ್ಲವು. ಪಟ್ಟಿಯನ್ನು ಗಮನಿಸಿದರೆ, 0.2ರಿಂದ 1.0ಕ್ಕೆ ಏರಿದಾಗ ದೊಡ್ಡ ಲಾಭವಿದೆ. 1.5ರಿಂದ 2.5ಕ್ಕೆ ಏರಿದಾಗ ಸಿಗುವುದು 0.1 ಡೆಸಿಬೆಲ್ ಮಾತ್ರ.

ಇಳಿಕೆಗಿಂತ ದೊಡ್ಡ ತೊಂದರೆ

ಬರೀ ಶಬ್ದ ಕುಗ್ಗುವುದಾದರೆ ಆಂಪ್ಲಿಫೈಯರ್‌ನ ಗುಂಡಿಯನ್ನು ಸ್ವಲ್ಪ ತಿರುಗಿಸಿದರೆ ಸಾಕಿತ್ತು. ನಿಜವಾದ ತೊಂದರೆ ಬೇರೆ. ಸ್ಪೀಕರ್ ಮೇಲೆ 8 ಓಮ್ ಎಂದು ಬರೆದಿದ್ದರೂ ಅದು ಹೆಸರಿಗೆ ಕೊಟ್ಟ ಸಂಖ್ಯೆ. ಸ್ಪೀಕರ್‌ನ ಪ್ರತಿಬಾಧೆ ಆವೃತ್ತಿಯೊಂದಿಗೆ ಬದಲಾಗುತ್ತದೆ. ಒಂದು ಆವೃತ್ತಿಯಲ್ಲಿ 6 ಓಮ್ ಇರುವುದು ಇನ್ನೊಂದರಲ್ಲಿ 40 ಓಮ್‌ವರೆಗೂ ಏರಬಹುದು. ಮಂದ್ರ ಸ್ವರಗಳ ವಲಯದಲ್ಲಿ, ಶಂಕುವಿನ ಅನುರಣನ ಆವೃತ್ತಿಯಲ್ಲಿ, ಸುರುಳಿ ಅಯಸ್ಕಾಂತ ಕ್ಷೇತ್ರದಲ್ಲಿ ರಭಸದಿಂದ ಚಲಿಸುತ್ತದೆ. ಆಗ ಹುಟ್ಟುವ ವಿರುದ್ಧ ವಿದ್ಯುಚ್ಚಾಲಕ ಬಲವು ವಿದ್ಯುತ್ ಪ್ರವಾಹವನ್ನು ತಗ್ಗಿಸುವುದರಿಂದ ಪ್ರತಿಬಾಧೆ ಏರುತ್ತದೆ.

ಈಗ 0.2 ಚದರ ಮಿಮೀ ತಂತಿಯನ್ನೇ ತೆಗೆದುಕೊಳ್ಳಿ. ಪ್ರತಿಬಾಧೆ 6 ಓಮ್ ಇರುವಲ್ಲಿ ಇಳಿಕೆ 2.2 ಡೆಸಿಬೆಲ್, 40 ಓಮ್ ಇರುವಲ್ಲಿ 0.4 ಡೆಸಿಬೆಲ್. ಅಂದರೆ ಕೆಲವು ಸ್ವರಗಳು ಉಳಿದವಕ್ಕಿಂತ 1.8 ಡೆಸಿಬೆಲ್‌ನಷ್ಟು ಮೇಲೇಳುತ್ತವೆ. ಸ್ವರಗಳ ಸಮತೋಲನವೇ ಬದಲಾಗುತ್ತದೆ. ಇದನ್ನು ಗುಂಡಿ ತಿರುಗಿಸಿ ಸರಿಪಡಿಸಲಾಗದು. 1 ಚದರ ಮಿಮೀ ತಂತಿಯಲ್ಲಿ ಇದೇ ವ್ಯತ್ಯಾಸ 0.4 ಡೆಸಿಬೆಲ್‌ಗೆ ಇಳಿಯುತ್ತದೆ. ಹೀಗಾಗಿ ಪೆಟ್ಟಿಗೆಯಲ್ಲಿ ಬರುವ ಸಪೂರ ತಂತಿಯನ್ನು ಬದಲಿಸಬೇಕೆನ್ನುವುದು ಸರಿಯಾದ ಮಾತೇ. ಎಷ್ಟು ದಪ್ಪಕ್ಕೆ ಎಂಬುದಷ್ಟೇ ಪ್ರಶ್ನೆ.

ತಂತಿಯ ರೋಧ ಸ್ಪೀಕರ್‌ನ ಹೆಸರಿನ ಪ್ರತಿಬಾಧೆಯ ಶೇಕಡ 5ನ್ನು ಮೀರಬಾರದು ಎಂಬುದು ಬಳಕೆಯಲ್ಲಿರುವ ನಿಯಮ. 8 ಓಮ್ ಸ್ಪೀಕರ್‌ಗೆ ಇದು 0.4 ಓಮ್, 4 ಓಮ್‌ನದಕ್ಕೆ 0.2 ಓಮ್. ಇದರಿಂದ ಒಂದು ಸುಲಭ ಸೂತ್ರ ದೊರೆಯುತ್ತದೆ. ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗಿರುವ ತಂತಿಯ ದಾರಿಯನ್ನು ಮೀಟರಿನಲ್ಲಿ ಅಳೆದು 11ರಿಂದ ಭಾಗಿಸಿ. ಬರುವುದು ಬೇಕಾದ ತಾಮ್ರದ ಅಡ್ಡಕೊಯ್ತ, ಚದರ ಮಿಮೀಗಳಲ್ಲಿ. ಸ್ಪೀಕರ್ 4 ಓಮ್‌ನದಾದರೆ 5.5ರಿಂದ ಭಾಗಿಸಿ.

ವಿದ್ಯಾರ್ಥಿಗಳು ಅಳೆದದ್ದು

ನನ್ನ ಸ್ನೇಹಿತರ ಮನೆಯಲ್ಲಿ ದೂರ 10 ಮೀಟರ್. "1 ಚದರ ಮಿಮೀ ಸಾಕು, 1.5 ಇದ್ದರೆ ಧಾರಾಳ. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಾಧಾರಣ ಜೋಡಿ ತಂತಿ ಕೊಳ್ಳಿ" ಎಂದೆ. ಅವರು ಅಗ್ಗದ ಬೆಲೆಗೆ 1.5 ಚದರ ಮಿಮೀ ಎಂದು ಬರೆದಿದ್ದ ಒಂದು ಸುರುಳಿ ತಂದರು. ಒಳ್ಳೆಯ ಶಿಕ್ಷಕರಾದುದರಿಂದ ಅದನ್ನು ಮೊದಲು ಶಾಲೆಗೆ ಒಯ್ದು, ರೋಧವನ್ನು ಅಳೆಯುವಂತೆ ಹತ್ತನೆಯ ತರಗತಿಯವರಿಗೆ ಹೇಳಿದರು.

ಇಷ್ಟು ಸಣ್ಣ ರೋಧವನ್ನು ಸಾಧಾರಣ ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ನಂಬುವಂತಿಲ್ಲ. ಅದರ ಮೊನೆಗಳ ತಂತಿಗಳಿಗೇ 0.2 ಓಮ್‌ನಷ್ಟು ರೋಧವಿರಬಹುದು. ಅದಕ್ಕೆ ಬೇರೆ ದಾರಿಯಿದೆ. 10 ಮೀಟರ್ ಜೋಡಿ ತಂತಿಯ ಒಂದು ಕಡೆಯ ಎರಡು ತುದಿಗಳನ್ನು ಬಿಗಿಯಾಗಿ ಹೆಣೆಯಬೇಕು. ಇನ್ನೊಂದು ಕಡೆಯಿಂದ 6 ವೋಲ್ಟ್ ಬ್ಯಾಟರಿ, ರಿಯೋಸ್ಟಾಟ್ ಮತ್ತು ಅಮ್ಮೀಟರ್ ಮೂಲಕ 1 ಆಂಪಿಯರ್ ಪ್ರವಾಹ ಹರಿಸಬೇಕು. ತಂತಿಯ ಎರಡು ತುದಿಗಳ ಮೇಲೆಯೇ ನೇರವಾಗಿ ಮಿಲಿವೋಲ್ಟ್ ಮಾಪಕವನ್ನು ಇಟ್ಟು ಓದಬೇಕು. 230 ಮಿಲಿವೋಲ್ಟ್ ಬಂದರೆ ರೋಧ 0.23 ಓಮ್. ಮಾಪಕದ ತಂತಿಗಳಲ್ಲಿ ಪ್ರವಾಹ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅವುಗಳ ರೋಧ ಲೆಕ್ಕಕ್ಕೆ ಬರುವುದಿಲ್ಲ.

ಮಕ್ಕಳಿಗೆ ಬಂದದ್ದು 360 ಮಿಲಿವೋಲ್ಟ್. ಜೋಡಣೆ ತಪ್ಪಿರಬೇಕೆಂದು ಶಿಕ್ಷಕರು ಮೂರು ಸಲ ಮಾಡಿಸಿದರು. ಪ್ರತಿಸಲವೂ ಅದೇ ಉತ್ತರ. ಮಕ್ಕಳ ಅಳತೆ ಸರಿಯಾಗಿತ್ತು. ನನ್ನ ಸಲಹೆಯಲ್ಲಿ ಲೋಪವಿತ್ತು. ಸೂತ್ರದಲ್ಲಿ ಉದ್ದ ಮತ್ತು ವಿಸ್ತೀರ್ಣಗಳ ಜೊತೆ ರೋಧಶೀಲತೆಯೂ ಇದೆ. ತಂತಿ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಿ ಎಂದು ನಾನು ಹೇಳಿರಲಿಲ್ಲ.

ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದಾಗ ಕೆಂಪು ಹೊರಪದರದ ಕೆಳಗೆ ಬೆಳ್ಳಗಿನ ಲೋಹ ಕಂಡಿತು. ಅದು ತಾಮ್ರದ ತೆಳುಹೊದಿಕೆಯುಳ್ಳ ಅಲ್ಯೂಮಿನಿಯಮ್. ಇದರ ರೋಧ ಅದೇ ಅಳತೆಯ ತಾಮ್ರದ ಸುಮಾರು 1.6 ಪಟ್ಟು. ತೂಕದ ಪರೀಕ್ಷೆಯೂ ಇದನ್ನೇ ಹೇಳಿತು. 1 ಮೀಟರ್ ಉದ್ದದ 1.5 ಚದರ ಮಿಮೀ ಲೋಹದ ಗಾತ್ರ 1.5 ಘನ ಸೆಂಟಿಮೀಟರ್. ತಾಮ್ರದ ಸಾಂದ್ರತೆ 8.96, ಆದ್ದರಿಂದ ಹೊದಿಕೆ ಸುಲಿದ ತಾಮ್ರದ ತಂತಿ 13.4 ಗ್ರಾಂ ತೂಗಬೇಕು. ತಾಮ್ರಲೇಪಿತ ಅಲ್ಯೂಮಿನಿಯಮ್ ತೂಗುವುದು 5 ಗ್ರಾಂನ ಆಸುಪಾಸು. (ತವರ ಲೇಪಿಸಿದ ತಾಮ್ರ ಹೊರಗೆ ಬೆಳ್ಳಗಿದ್ದು ಕೆರೆದಾಗ ಕೆಂಪಗೆ ಕಾಣುತ್ತದೆ. ಅದು ಒಳ್ಳೆಯ ತಂತಿಯೇ.)

ಸಂಗೀತದ ಮಟ್ಟಿಗೆ ದೊಡ್ಡ ನಷ್ಟವೇನೂ ಆಗಿರಲಿಲ್ಲ. 0.36 ಓಮ್ ಎಂಬುದು 0.4ರ ಮಿತಿಯ ಒಳಗೇ ಇದೆ. ಆದರೆ ಸುರುಳಿಯಲ್ಲಿ ಉಳಿದ ತಂತಿಯನ್ನು ಅವರು ಇಸ್ತ್ರಿ ಪೆಟ್ಟಿಗೆಗೆ ಉದ್ದನೆಯ ವೈರಾಗಿ ಬಳಸುವವರಿದ್ದರು! ಅದೇ ಪ್ರವಾಹಕ್ಕೆ ಇಂಥ ತಂತಿಯಲ್ಲಿ ಹುಟ್ಟುವ ಉಷ್ಣ 1.6 ಪಟ್ಟು. ಅಲ್ಲದೆ ಅಲ್ಯೂಮಿನಿಯಮ್‌ನ ಮೇಲೆ ಕಟ್ಟುವ ಆಕ್ಸೈಡ್ ಪದರ ಅವಾಹಕ. ಸ್ಕ್ರೂಗಳ ಕೆಳಗೆ ಸಂಪರ್ಕ ಸಡಿಲವಾಗಿ ಅಲ್ಲಿ ಇನ್ನಷ್ಟು ಬಿಸಿಯೇರುತ್ತದೆ. ಮನೆಗೆ ಬೆಂಕಿ ತಗಲುವುದು ಹೀಗೆಯೇ. ಮಕ್ಕಳ ಒಂದು ಪ್ರಯೋಗ ಅದನ್ನು ತಪ್ಪಿಸಿತು.

ಜಾಹೀರಾತಿನ ಮಾತುಗಳು

ದುಬಾರಿ ಕೇಬಲ್ಲುಗಳ ಪರವಾಗಿ ಹೇಳುವ ಕೆಲವು ಮಾತುಗಳನ್ನು ಭೌತವಿಜ್ಞಾನದ ಒರೆಗೆ ಹಚ್ಚೋಣ.

ಆಮ್ಲಜನಕರಹಿತ ತಾಮ್ರ: ಇದರ ವಾಹಕತೆ ಸಾಧಾರಣ ವಿದ್ಯುತ್ ತಾಮ್ರಕ್ಕಿಂತ ಸುಮಾರು ಶೇಕಡ 1ರಷ್ಟು ಹೆಚ್ಚು. 10 ಮೀಟರ್ ತಂತಿಯನ್ನು 10 ಸೆಂಟಿಮೀಟರ್ ಕತ್ತರಿಸಿದರೂ ಇಷ್ಟೇ ಲಾಭ ಸಿಗುತ್ತದೆ.

ಮೇಲ್ಮೈ ಪರಿಣಾಮ: ಆವೃತ್ತಿ ಹೆಚ್ಚಿದಂತೆ ಪ್ರವಾಹ ತಂತಿಯ ಹೊರಭಾಗಕ್ಕೆ ಸರಿಯುತ್ತದೆ ಎಂಬುದು ನಿಜ. ಆದರೆ 20,000 ಹರ್ಟ್ಸ್‌ನಲ್ಲೂ ತಾಮ್ರದೊಳಗೆ ಅದರ ಆಳ 0.47 ಮಿಮೀ. 1.5 ಚದರ ಮಿಮೀ ತಂತಿಯ ತ್ರಿಜ್ಯವೇ 0.69 ಮಿಮೀ. ಆದ್ದರಿಂದ ರೋಧದಲ್ಲಿ ಆಗುವ ಏರಿಕೆ ಅತ್ಯಲ್ಪ.

ಎರಡೂ ಸ್ಪೀಕರ್‌ಗಳಿಗೆ ಸಮ ಉದ್ದದ ತಂತಿ: ತಂತಿಯಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಸುಮಾರು ಮೂರನೆಯ ಎರಡು ಭಾಗ. ಒಂದು ತಂತಿ 5 ಮೀಟರ್ ಹೆಚ್ಚು ಉದ್ದವಿದ್ದರೆ ತಡವಾಗುವುದು 25 ನ್ಯಾನೊಸೆಕೆಂಡ್. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಚಲಿಸುವುದು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕೂ ಕಡಿಮೆ. ಕೇಳುಗ ತಲೆಯನ್ನು ಕೊಂಚ ಅಲುಗಿಸಿದರೆ ಇದಕ್ಕಿಂತ ಸಾವಿರಾರು ಪಟ್ಟು ವ್ಯತ್ಯಾಸವಾಗುತ್ತದೆ!

ಚಿನ್ನದ ಲೇಪ: ಚಿನ್ನ ತಾಮ್ರಕ್ಕಿಂತ ಕಡಿಮೆ ವಾಹಕ. ಆದರೆ ಅದಕ್ಕೆ ಕಿಲುಬು ಹಿಡಿಯುವುದಿಲ್ಲ. ತೇವ ಹೆಚ್ಚಿರುವ ಕರಾವಳಿಯ ಮನೆಗಳಲ್ಲಿ ಇದರಿಂದ ಉಪಯೋಗವುಂಟು. ಬೇರೆಡೆ ವರ್ಷಕ್ಕೊಮ್ಮೆ ತುದಿಗಳನ್ನು ಕೆರೆದು ಬಿಗಿಗೊಳಿಸಿದರೂ ಸಾಕು.

ದಿಕ್ಕು ತೋರುವ ಬಾಣಗಳು: ಹರಿಯುವುದು ಪರ್ಯಾಯ ವಿದ್ಯುತ್ತು. ಅದು ಎರಡೂ ದಿಕ್ಕಿಗೆ ಹರಿಯಲೇಬೇಕು.

ಇನ್ನೊಂದು ಹೋಲಿಕೆ ನೋಡಿ. ಸ್ಪೀಕರ್‌ನ ಧ್ವನಿ ಸುರುಳಿಯ ರೋಧವೇ ಸುಮಾರು 6 ಓಮ್. ಜೋರಾಗಿ ನುಡಿಸುವಾಗ ಅದು 50 ಡಿಗ್ರಿ ಬಿಸಿಯೇರಿದರೆ ರೋಧ ಸುಮಾರು 1.2 ಓಮ್ ಹೆಚ್ಚುತ್ತದೆ. ತಂತಿಯಲ್ಲಿ 0.1 ಓಮ್ ಉಳಿಸಲು ಸಾವಿರಾರು ರೂಪಾಯಿ ಚೆಲ್ಲುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಕಿವಿ ಏನು ಹೇಳುತ್ತದೆ?

ಲೆಕ್ಕ ಏನೇ ಹೇಳಲಿ, ಕೇಳಿದಾಗ ವ್ಯತ್ಯಾಸ ತಿಳಿಯುತ್ತದೆ ಎನ್ನುವವರಿದ್ದಾರೆ. ಇದನ್ನೂ ಪರೀಕ್ಷಿಸಬಹುದು. ಯಾವ ತಂತಿ ಜೋಡಿಸಿದೆ ಎಂಬುದು ಕೇಳುಗರಿಗೆ ತಿಳಿಯದಂತೆ ಮರೆಮಾಡಿ ಕೇಳಿಸಬೇಕು. ಅಮೆರಿಕದ 'ಸ್ಟೀರಿಯೊ ರಿವ್ಯೂ' ಪತ್ರಿಕೆ 1983ರ ಆಗಸ್ಟ್ ಸಂಚಿಕೆಯಲ್ಲಿ ಇಂಥ ಪರೀಕ್ಷೆಯೊಂದರ ವರದಿಯನ್ನು ಪ್ರಕಟಿಸಿತು. ಸುಮಾರು 0.2 ಚದರ ಮಿಮೀ ತಂತಿಯ ವ್ಯತ್ಯಾಸವನ್ನು, ವಿಶೇಷವಾಗಿ ಪರೀಕ್ಷೆಗೆ ಬಳಸುವ ಭೋರ್ಗರೆತದಂಥ ಶಬ್ದದಲ್ಲಿ, ಕೇಳುಗರು ಗುರುತಿಸಿದರು. ಆದರೆ ಸಂಗೀತ ನುಡಿಸಿದಾಗ ಸುಮಾರು 1.3 ಚದರ ಮಿಮೀ ಇರುವ ಸಾಧಾರಣ ದೀಪದ ತಂತಿಯನ್ನೂ ದಪ್ಪನೆಯ ವಿಶೇಷ ಕೇಬಲ್ಲನ್ನೂ ನಂಬಿಕೆಯಿಂದ ಬೇರ್ಪಡಿಸಲಾಗಲಿಲ್ಲ. ನಮ್ಮ ಪಟ್ಟಿ ಸೂಚಿಸುವುದೂ ಇದನ್ನೇ.

ಕೊಳ್ಳುವಾಗ, ಜೋಡಿಸುವಾಗ

ಅಂಗಡಿಗಳಲ್ಲಿ ಹಳಬರು ಈಗಲೂ 23/76, 40/76 ಎಂದು ಹೇಳುವುದುಂಟು. ಮೊದಲನೆಯದು ಎಳೆಗಳ ಸಂಖ್ಯೆ. ಎರಡನೆಯದು ಒಂದು ಎಳೆಯ ವ್ಯಾಸ 0.0076 ಅಂಗುಲ, ಅಂದರೆ 0.193 ಮಿಮೀ ಎಂಬುದರ ಸೂಚನೆ. ಲೆಕ್ಕ ಹಾಕಿದರೆ 23/76 ಎಂಬುದು 0.67 ಚದರ ಮಿಮೀ, 40/76 ಎಂಬುದು 1.17 ಚದರ ಮಿಮೀ. ಸಾಧಾರಣ ಕೋಣೆಗೆ ಎರಡನೆಯದು ಸಾಕು. ಹೊದಿಕೆಯ ದಪ್ಪ ನೋಡಿ ಮೋಸಹೋಗಬೇಡಿ. ತುದಿ ಸುಲಿದು ಎಳೆಗಳನ್ನು ಎಣಿಸಿ, ಒಂದನ್ನು ಕೆರೆದು ನೋಡಿ. ಐಎಸ್‌ಐ ಗುರುತು ಮತ್ತು ತಾಮ್ರವೆಂಬ ನಮೂದು ಇರಲಿ.

ಎರಡೂ ತಂತಿಗಳು ಜೊತೆಯಾಗಿ ಸಾಗಬೇಕು. ದೂರ ದೂರ ಎಳೆದರೆ ಅವುಗಳ ನಡುವಿನ ಕುಣಿಕೆ ದೊಡ್ಡದಾಗಿ ಪ್ರೇರಕತ್ವ ಹೆಚ್ಚುತ್ತದೆ. ತುದಿಯ ಎಳೆಗಳನ್ನು ಚೆನ್ನಾಗಿ ಹೊಸೆಯಿರಿ. ಹೊರಚಾಚಿದ ಒಂದೇ ಎಳೆ ಪಕ್ಕದ ತುದಿಗೆ ತಗಲಿದರೆ ಆಂಪ್ಲಿಫೈಯರ್ ಸುಡಬಹುದು. ಎರಡೂ ಸ್ಪೀಕರ್‌ಗಳಿಗೆ ಧನ ತುದಿ ಧನಕ್ಕೆ, ಋಣ ಋಣಕ್ಕೆ ಸೇರಿರಲಿ. ಒಂದರಲ್ಲಿ ಅದಲುಬದಲಾದರೆ ಒಂದು ಶಂಕು ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು ಮಂದ್ರ ಸ್ವರಗಳು ಸೊರಗುತ್ತವೆ. ಆಂಪ್ಲಿಫೈಯರ್‌ನಿಂದ ಬಿಡಿಸಿದ ತಂತಿಯ ತುದಿಗಳಿಗೆ 1.5 ವೋಲ್ಟ್ ಶುಷ್ಕಕೋಶವನ್ನು ಕ್ಷಣಮಾತ್ರ ಮುಟ್ಟಿಸಿ ಶಂಕು ಯಾವ ಕಡೆಗೆ ಚಲಿಸುತ್ತದೆಂದು ನೋಡಿದರೆ ಇದು ತಿಳಿಯುತ್ತದೆ. ಸ್ಪೀಕರ್ ತಂತಿಯ ತುದಿಗೆ ಗೋಡೆಯ ಸಾಕೆಟ್ಟಿಗೆ ಹೊಂದುವ ಪ್ಲಗ್ಗನ್ನು ಮಾತ್ರ ಎಂದಿಗೂ ಹಾಕಬೇಡಿ.

ನನ್ನ ಸ್ನೇಹಿತರ ಮನೆಯಲ್ಲಿ ಈಗ 40/76ರ ತಾಮ್ರದ ತಂತಿಯಿದೆ. ಮಕ್ಕಳು ಅದನ್ನೂ ಅಳೆದೇ ಕಳಿಸಿದರು. ಹಳೆಯ ಸುರುಳಿ ಶಾಲೆಯ ಪ್ರಯೋಗಾಲಯದ ಗೋಡೆಯಲ್ಲಿ ತೂಗುತ್ತಿದೆ. ಪ್ರತಿವರ್ಷ ಹತ್ತನೆಯ ತರಗತಿಗೆ ಬರುವವರು ಅದರ ರೋಧವನ್ನು ಅಳೆದು, ಅದು ಯಾವ ಲೋಹವೆಂದು ತಾವೇ ಕಂಡುಕೊಳ್ಳುತ್ತಾರೆ.