ಬಾತಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮೊಟ್ಟೆ

ಪ್ರಶ್ನೆ: ಸಾಕಿದ ಬಾತುಕೋಳಿಗೆ ಕೆಲವೊಮ್ಮೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದಂತೆ. ಯಾಕೆ?

ಹೆಣ್ಣು ಬಾತಿಗೆ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ, ಅಂಡನಾಳ ಮಾತ್ರ ಪೂರ್ತಿ ಬೆಳೆದಿರುತ್ತವೆ. ಹಳದಿ ಭಾಗ ನಾಳಕ್ಕೆ ಇಳಿದ ಕೆಲವೇ ಗಂಟೆಗಳಲ್ಲಿ ಲೋಳೆಯೂ ಪೊರೆಯೂ ಸುತ್ತಿಕೊಳ್ಳುತ್ತವೆ. ಹೆಚ್ಚಿನ ಹೊತ್ತು ಹಿಡಿಯುವುದು ಚಿಪ್ಪು ಕಟ್ಟುವ ಕೆಲಸ. ಆಮೇಲೆ, ಕಾಲುಚೀಲದೊಳಗಿನ ನಿಂಬೆಹಣ್ಣನ್ನು ಹಿಂದಿನಿಂದ ಹಿಸುಕಿ ಹೊರತಳ್ಳುವ ಹಾಗೆ, ನಾಳದ ಸ್ನಾಯುಗಳು ಮೊಟ್ಟೆಯನ್ನು ನೂಕುತ್ತವೆ.

ತೊಡಕಾಗುವುದು ಇಲ್ಲೇ. ಚಿಪ್ಪಿಗೂ ಕ್ಯಾಲ್ಸಿಯಂ ಬೇಕು, ಸ್ನಾಯು ಬಿಗಿಯುವುದಕ್ಕೂ ಅದೇ ಬೇಕು. ರಕ್ತದಲ್ಲಿ ಅದು ಕಡಿಮೆಯಾದರೆ ಸ್ನಾಯು ಸೋಲುತ್ತದೆ. ಚಿಪ್ಪೂ ಮೆತ್ತಗಿದ್ದರೆ ನೂಕಲು ಹಿಡಿತವೇ ಸಿಗುವುದಿಲ್ಲ. ಕಾಡಿನ ಮಲ್ಲಾರ್ಡ್ ಬಾತು ಸುಮಾರು 10 ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಅದರದೇ ವಂಶದ ಖಾಕಿ ಕ್ಯಾಂಪ್‌ಬೆಲ್ ತಳಿ ವರ್ಷಕ್ಕೆ 300ರಷ್ಟು ಇಡಬಲ್ಲದು. ಮನುಷ್ಯ ಆಯ್ದು ಬೆಳೆಸಿದ ಈ ಗುಣದ ಭಾರವನ್ನೆಲ್ಲ ಹೊರುವುದು ಆ ಪುಟ್ಟ ನಾಳ.

ಬೊಜ್ಜು, ತೀರ ಎಳೆಯ ವಯಸ್ಸು, ಅತಿ ದೊಡ್ಡ ಮೊಟ್ಟೆ ಕೂಡ ಕಾರಣಗಳೇ. ಸೋಂಕಿನದು ಬೇರೆ ಕಾಟ. ಮಲಕ್ಕೂ ಮೊಟ್ಟೆಗೂ ಹೊರಬಾಗಿಲು ಒಂದೇ ಆದ್ದರಿಂದ ಇ. ಕೋಲಿ ಬ್ಯಾಕ್ಟೀರಿಯಾ ಅಲ್ಲಿಂದ ಮೇಲೇರಬಹುದು. ಉರಿಯೂತದಿಂದ ನಾಳ ಊದಿಕೊಂಡರೆ ಮೊಟ್ಟೆ ಸಾಗುವುದು ಕಷ್ಟ. ಕೆಲವೊಮ್ಮೆ ಹಳದಿ ಭಾಗ ಹೊಟ್ಟೆಯೊಳಗೇ ಬಿದ್ದು ಪ್ರಾಣಕ್ಕೆ ಕುತ್ತಾಗುತ್ತದೆ.

ಬಾತು ಮೇವು ಬಿಟ್ಟು, ಬಾಲ ಅಲ್ಲಾಡಿಸುತ್ತ ಮತ್ತೆ ಮತ್ತೆ ಮುಕ್ಕರಿದರೆ ಅದನ್ನು ಬೆಚ್ಚಗಿಟ್ಟು ಪಶುವೈದ್ಯರ ಬಳಿ ಒಯ್ಯಬೇಕು. ಕ್ಯಾಲ್ಸಿಯಂ ಚುಚ್ಚುಮದ್ದಿನಿಂದಲೇ ಎಷ್ಟೋ ಬಾತುಗಳು ಚೇತರಿಸಿಕೊಳ್ಳುತ್ತವೆ. ಮನೆಯಲ್ಲಿ ಮೊಟ್ಟೆಯನ್ನು ಒಳಗೇ ಒಡೆಯಲು ಹೋಗಲೇಬಾರದು, ಚಿಪ್ಪಿನ ಚೂರು ನಾಳವನ್ನು ಸೀಳಿಬಿಡುತ್ತದೆ.