ಒಂದೂವರೆಗೆ ಬರುವ ನೆಂಟ

ಮಳವಳ್ಳಿ ಕಡೆಯ ಮನೆಗಳಲ್ಲಿ ಮುದ್ದೆ ಮುರಿದು ಬಸ್ಸಾರಿಗೆ ಅದ್ದುವ ಹೊತ್ತು, ಮಧ್ಯಾಹ್ನ ಒಂದೂವರೆಯ ಆಸುಪಾಸು. ಅದೇ ಗಳಿಗೆಗೆ 824 ಕಿಲೋಮೀಟರ್ ಎತ್ತರದಲ್ಲಿ ಒಬ್ಬ ನೆಂಟ ಹಾದುಹೋಗುತ್ತಾನೆ. ಹೆಸರು ಸೆಂಟಿನೆಲ್-5ಪಿ. ಯೂರೋಪಿನವರು 2017ರ ಅಕ್ಟೋಬರ್ 13ರಂದು ಹಾರಿಸಿದ ಉಪಗ್ರಹ. ಮಂಡ್ಯದಿಂದ ಮದ್ದೂರಿಗಿರುವಷ್ಟು ದೂರ ಇವನಿಗೆ ಮೂರೇ ಸೆಕೆಂಡು! ರೈಲಿನಲ್ಲಿ ಕೊಂಡ ಮದ್ದೂರು ವಡೆಯ ಮೊದಲ ಚೂರು ಬಾಯಿ ಸೇರುವ ಮುಂಚೆಯೇ ತಾಲ್ಲೂಕು ದಾಟಿರುತ್ತಾನೆ.

ಅಷ್ಟರಲ್ಲಿ ನೋಡುವುದಾದರೂ ಏನನ್ನು? ಬೆಳಕನ್ನು. ಬಿಸಿಲು ನೆಲಕ್ಕೆ ಬಡಿದು ಮೇಲೆ ಮರಳುವಾಗ ನಡುವಿನ ಗಾಳಿ ಒಂದಿಷ್ಟು ಬಣ್ಣವನ್ನು ನುಂಗಿಬಿಡುತ್ತದೆ. ಲಾರಿ, ಕಾರು, ಬಾಯ್ಲರುಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ನೀಲಿ-ನೇರಳೆ ಭಾಗಕ್ಕೆ ಕೈಹಾಕುತ್ತದೆ; ಗಂಧಕದ ಹೊಗೆಯ ರುಚಿಯೇ ಬೇರೆ. ಎಲೆಯಲ್ಲಿ ಏನು ಖಾಲಿಯಾಗಿದೆ ಎಂದು ನೋಡಿ ಉಂಡವರು ಯಾರೆಂದು ಹೇಳುವ ಅಜ್ಜಿಯ ಹಾಗೆ, ಉಪಗ್ರಹ ಕಾಣೆಯಾದ ಬಣ್ಣದಿಂದ ಅನಿಲದ ಗುರುತು ಹಿಡಿಯುತ್ತದೆ. ಅದರ ಚಿತ್ರದ ಒಂದೊಂದು ಚೌಕ ನೆಲದ ಮೇಲೆ ಸುಮಾರು ಐದೂವರೆಗೆ ಮೂರೂವರೆ ಕಿಲೋಮೀಟರ್. 4,961 ಚದರ ಕಿಲೋಮೀಟರಿನ ಮಂಡ್ಯ ಜಿಲ್ಲೆ ಇನ್ನೂರೈವತ್ತು ಚಿಲ್ಲರೆ ಚೌಕಗಳ ಚದುರಂಗದ ಹಾಸು!

ಬೆಂಕಿಯನ್ನು ಕಾಣಲು ಬೇರೆ ಕಣ್ಣುಗಳಿವೆ. ಅಮೆರಿಕದ ಉಪಗ್ರಹಗಳಲ್ಲಿರುವ ‘ವಿಯರ್ಸ್’ ಉಪಕರಣ ಹೊಗೆಯನ್ನು ಕಾಯುವುದಿಲ್ಲ, ಬಿಸಿಯನ್ನೇ ಹಿಡಿಯುತ್ತದೆ. ಹಗಲು ಒಂದೂವರೆ, ರಾತ್ರಿ ಒಂದೂವರೆ; ಚೌಕ 375 ಮೀಟರ್. ಕೆಲವೇ ಗಂಟೆಗಳಲ್ಲಿ ನಾಸಾದ ನಕ್ಷೆಯ ಮೇಲೆ ಕೆಂಪು ಚುಕ್ಕೆ. ಯಾರು ಬೇಕಾದರೂ ನೋಡಬಹುದು, ಕಾಸಿಲ್ಲ.

ಮದ್ದೂರಿನ ಹತ್ತಿರ ಕಬ್ಬು ಕಡಿದ ಗದ್ದೆಯೊಂದರ ಬದುವಿನಲ್ಲಿ ನಿಂತು ನಾನು ಇದನ್ನೆಲ್ಲ ಒಂದೇ ಉಸಿರಿಗೆ ವಿವರಿಸಿದೆ. ಕೂಳೆ ಬಿಡಲು ತರಗಿಗೆ ಬೆಂಕಿ ಇಡಲು ಸಿದ್ಧವಾಗಿದ್ದ ಹಿರಿಯರು ನಕ್ಷೆ ತೆರೆದಿದ್ದ ನನ್ನ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: “ನಾವ್ ಹಚ್ಚೋದು ಹೊತ್ತು ಮುಳುಗೋವಾಗ ಕಣಣ್ಣ, ಗಾಳಿ ತಗ್ಗಿದ್ ಮೇಲೆ. ನಿಮ್ ನೆಂಟ ಆಗ ಎಲ್ಲಿರ್ತಾನೆ?”

ನಾನು ತೆಪ್ಪಗಾದೆ. ಗಂಟೆಯೊಳಗೆ ಉರಿದು ಆರುವ ತರಗು ಎರಡು ಒಂದೂವರೆಗಳ ನಡುವೆ ನುಸುಳಿಬಿಡುತ್ತದೆ. ಆಲೆಮನೆಯ ಕೊಪ್ಪರಿಗೆ ಕೆಳಗಿನ ಒಲೆಯಂತೂ ಸೂರಿನಡಿ. ಆಕಾಶಕ್ಕೆ ಕಾಣುವುದು ಕಷ್ಟ. ಮಳೆಗಾಲದಲ್ಲಿ ಮೋಡ ಕದ ಹಾಕುತ್ತದೆ.

ಹಾಗಾದರೆ ಕಣ್ಣು ಮುಚ್ಚದೆ ನೋಡುವವರೇ ಇಲ್ಲವೇ? ಇದ್ದಾರೆ, ಅದೂ ನಮ್ಮವರೇ! 36,000 ಕಿಲೋಮೀಟರ್ ಮೇಲೆ, ಭೂಮಿಯ ಜೊತೆಗೇ ತಿರುಗುತ್ತ ಒಂದೇ ಕಡೆ ನಿಂತಂತಿರುವ ಇಸ್ರೋದ ಇನ್ಸಾಟ್-3ಡಿಆರ್ (2016) ಮತ್ತು 3ಡಿಎಸ್ (2024). ಅರ್ಧ ಗಂಟೆಗೊಂದು ಚಿತ್ರ. ಇವುಗಳ ಲಗಾಮು ಇರುವುದೆಲ್ಲಿ ಗೊತ್ತೇ? ಪಕ್ಕದ ಹಾಸನದಲ್ಲಿ, 1982ರಿಂದ ನಡೆಯುತ್ತಿರುವ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ಹೇಮಾವತಿಯ ನೀರು ಬರುವ ದಿಕ್ಕಿನಿಂದಲೇ ಈ ಕಣ್ಣುಗಳಿಗೂ ಅಪ್ಪಣೆ ಹೋಗುತ್ತದೆ! ಆದರೆ ಅಷ್ಟು ದೂರದಿಂದ ಎಕರೆ ತರಗಿನ ಬೆಂಕಿ ಕಾಣದು; ಗಾಳಿಯಲ್ಲಿ ಹರಡಿದ ಮಬ್ಬಷ್ಟೇ ಕಂಡೀತು.

ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೂಳೆ ಸುಡುವ ಬೆಂಕಿಗಳನ್ನು ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ ದಿನವೂ ಉಪಗ್ರಹದಿಂದ ಎಣಿಸುತ್ತದೆ. ನಮ್ಮ ಕಡೆ? 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ನಗರಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ. ನಮ್ಮ ಕಬ್ಬಿನ ಸೀಮೆಗೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ನನಗಂತೂ ಇದು ಸರಿಕಾಣದು. ಹಾಗೆಂದು ಉಪಗ್ರಹವೊಂದೇ ಸಾಲದು. ಮೇಲಿನ ಕಣ್ಣು ಅಳೆಯುವುದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬವನ್ನು. ಮೂಗಿನ ಮಟ್ಟದಲ್ಲಿ ಎಷ್ಟಿದೆ ಎನ್ನಲು ಊರೊಳಗೊಂದು ಮಾಪಕವೂ ಬೇಕು, ಎರಡನ್ನೂ ತಾಳೆ ನೋಡುವವರೂ ಬೇಕು.

“ತರಗು ಸುಡದೆ ಸಾಲಿನ ನಡುವೆ ಹರಡಿದರೆ ತೇವ ನಿಲ್ಲುತ್ತದಲ್ಲ?” ಎಂದು ಬದುವಿನಲ್ಲಿ ಆ ಹಿರಿಯರನ್ನು ಕೇಳಿದೆ. “ನಿಲ್ತದೆ. ಆಳ್ ನಿಲ್ಬೇಕಲ್ಲ!” ಎನ್ನುತ್ತಲೇ ಅವರು ಕಡ್ಡಿ ಗೀರಿದರು. ಚಟಪಟನೆ ಸಿಡಿಯುತ್ತ ಬೆಂಕಿ ಸಾಲು ಹಿಡಿದು ಓಡಿತು. ಕೊಕ್ಕರೆಗಳು ಎದ್ದವು. ಹೊಗೆ ನಾಲೆಯ ಕಡೆ ವಾಲಿತು.

ಮಾರನೇ ಬೆಳಿಗ್ಗೆ ಎದ್ದವನೇ ನಕ್ಷೆ ತೆರೆದೆ. ಆ ಗದ್ದೆಯ ಜಾಗದಲ್ಲಿ ಚುಕ್ಕೆಯಿರಲಿಲ್ಲ. ಮೊಳೆಗೆ ತೂಗುಹಾಕಿದ್ದ ನನ್ನ ಅಂಗಿ ಇನ್ನೂ ತರಗಿನ ಹೊಗೆ ವಾಸನೆ ಹೊಡೆಯುತ್ತಿತ್ತು.