ನೆರೆಯವನು: ಕ್ರೈಸ್ತರ ಪ್ರೀತಿಯೂ ನಿತ್ಯಕರ್ತವ್ಯವೂ

ಕ್ರೈಸ್ತಮತದ ಆಚಾರಭಾಗವೆಲ್ಲ ಎರಡು ವಿಧಿಗಳಲ್ಲಿ ಅಡಗಿರುವುದೆಂಬುದು ಸುವಾರ್ತೆಗಳನ್ನು ಬಲ್ಲವರಿಗೆ ಹೊಸ ಮಾತಲ್ಲ. ದೇವರಲ್ಲಿ ಸರ್ವಭಾವದಿಂದ ಪ್ರೀತಿಯಿಡತಕ್ಕದ್ದೆಂಬುದು ಒಂದು. ತನ್ನ ಮೇಲೆ ತನಗಿರುವಷ್ಟೇ ಪ್ರೀತಿಯನ್ನು ನೆರೆಯವನ ಮೇಲೆಯೂ ಇಡತಕ್ಕದ್ದೆಂಬುದು ಮತ್ತೊಂದು. ಮೊದಲನೆಯದು ಭಕ್ತಿಶಾಸ್ತ್ರದ ವಿಷಯವು. ಎರಡನೆಯದಾದರೋ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ದಿನದಿನವೂ ಎದುರಾಗತಕ್ಕದ್ದು. ಇಲ್ಲಿ ವಿಚಾರಿಸಲು ಉದ್ದೇಶಿಸಿರುವುದು ಆ ಎರಡನೆಯದನ್ನು ಮಾತ್ರ.

ಈ ವಿಧಿಯಲ್ಲಿ ಒಂದು ತೊಡಕುಂಟು. ಸಾಲವನ್ನು ತೀರಿಸೆಂದು ಆಜ್ಞಾಪಿಸಬಹುದು; ಸುಳ್ಳಾಡಬೇಡವೆಂದು ತಡೆಯಬಹುದು; ಪ್ರೀತಿಸೆಂದು ಆಜ್ಞಾಪಿಸಿದರೆ ಮನಸ್ಸು ಆ ಆಜ್ಞೆಯನ್ನು ಕೇಳುವುದೇ? ಕನ್ನಡದ ಬೈಬಲ್ಲಿನಲ್ಲಿ ರೂಢವಾಗಿರುವ ‘ಪ್ರೀತಿ’ ಎಂಬ ಪದದಿಂದ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ‘ಪ್ರೀ’ ಧಾತುವಿಗೆ ಮೆಚ್ಚು, ಸಂತೋಷಪಡು, ತೃಪ್ತಿಗೊಳಿಸು ಎಂಬವೇ ಅರ್ಥಗಳು. ಮೆಚ್ಚಿಕೆಯಿಲ್ಲದವನಲ್ಲಿ ಮೆಚ್ಚಿಕೆಯನ್ನು ತಂದುಕೊಳ್ಳೆಂದರೆ ಅದು ನಟನೆಯಾದೀತಲ್ಲದೆ ಧರ್ಮವಾಗಲಾರದು. ಗ್ರೀಕ್ ಮೂಲದಲ್ಲಿರುವ ‘ಅಗಾಪೆ’ ಎಂಬ ಪದದ ಭಾವವು ಬೇರೆ. ಆ ಭಾಷೆಯಲ್ಲಿ ಕಾಮಕ್ಕೆ ‘ಎರೋಸ್’ ಎಂದೂ ಸ್ನೇಹಕ್ಕೆ ‘ಫಿಲಿಯ’ ಎಂದೂ ಪದಗಳಿದ್ದರೂ ಸುವಾರ್ತಾಕಾರರು ಈ ವಿಧಿಗೆ ಅವೆರಡನ್ನೂ ಬಿಟ್ಟು, ಅಷ್ಟಾಗಿ ಬಳಕೆಯಲ್ಲಿಲ್ಲದ ಮೂರನೆಯದನ್ನೇ ಆರಿಸಿಕೊಂಡರು. ಕ್ರೈಸ್ತಗ್ರಂಥಗಳಲ್ಲಿ ಅದಕ್ಕೆ ಬಂದಿರುವ ಅರ್ಥವು ರುಚಿಗಿಂತ ಸಂಕಲ್ಪಕ್ಕೆ ಸಮೀಪವಾದದ್ದು: ಎದುರಿಗಿರುವವನಿಗೆ ಒಳ್ಳೆಯದಾಗಬೇಕೆಂದು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ನಡೆಯುವುದು.

ಅನುವಾದಕರು ಈ ಪದದ ಮುಂದೆ ತಡವರಿಸಿದ್ದು ಕನ್ನಡದಲ್ಲಿ ಮಾತ್ರವಲ್ಲ. ಲ್ಯಾಟಿನಿನಲ್ಲಿ ‘ಕಾರಿತಾಸ್’ ಎಂದಾಯಿತು. ಅದರಿಂದ ಇಂಗ್ಲಿಷಿಗೆ ‘ಚಾರಿಟಿ’ ಬಂದಿತು. 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲನು ಅದನ್ನು ಬಿಟ್ಟು ‘ಲವ್’ ಎಂದು ಬರೆದನು. 1529ರಲ್ಲಿ ಸರ್ ಥಾಮಸ್ ಮೋರನು ಆ ಮಾರ್ಪಾಟನ್ನು ಖಂಡಿಸಿದನು. 1611ರ ರಾಜಾನುಮತ ಅನುವಾದವು ಕೊರಿಂಥದವರಿಗೆ ಬರೆದ ಪತ್ರಿಕೆಯ ಪ್ರಸಿದ್ಧವಾದ ಅಧ್ಯಾಯದಲ್ಲಿ ಮತ್ತೆ ‘ಚಾರಿಟಿ’ ಎಂದಿತು. 1881ರ ಪರಿಷ್ಕರಣದಲ್ಲಿ ಪುನಃ ‘ಲವ್’ ಬಂದಿತು. ಇಷ್ಟರಲ್ಲಿ ‘ಚಾರಿಟಿ’ ಎಂಬುದು ಭಿಕ್ಷೆಯೆಂಬರ್ಥಕ್ಕೆ ಇಳಿದುಹೋಗಿತ್ತು. ಕನ್ನಡದಲ್ಲಿ ‘ಧರ್ಮ’ವೆಂಬ ಮಹಾಶಬ್ದವು ಬಾಗಿಲಲ್ಲಿ ನಿಂತ ಭಿಕ್ಷುಕನ ಕೂಗಿಗೆ ಇಳಿದಂತೆಯೇ ಇದು. ಒಂದು ಜನಾಂಗವು ತನ್ನ ಕರ್ತವ್ಯಗಳಲ್ಲಿ ಯಾವುದನ್ನು ಸುಲಭವೆಂದು ಎಣಿಸುತ್ತದೋ ಅದಕ್ಕೆ ತನ್ನ ಅತ್ಯಂತ ದೊಡ್ಡ ಹೆಸರನ್ನು ಕೊಟ್ಟುಬಿಡುವುದೆಂದು ತೋರುತ್ತದೆ.

ತತ್ತ್ವಜ್ಞರು ಈ ತೊಡಕನ್ನು ಬಿಡಿಸಲು ಎರಡು ದಾರಿಗಳನ್ನು ಹಿಡಿದರು. 1785ರಲ್ಲಿ ಪ್ರಕಟವಾದ ನೀತಿಶಾಸ್ತ್ರಗ್ರಂಥದಲ್ಲಿ ಕ್ಯಾಂಟನು, ಮನಸ್ಸಿನ ಒಲವಾಗಿ ಹುಟ್ಟುವ ಪ್ರೀತಿಯನ್ನು ವಿಧಿಸಲಾಗದು, ಕರ್ತವ್ಯವೆಂದು ಮಾಡುವ ಉಪಕಾರವನ್ನು ವಿಧಿಸಬಹುದು, ಸುವಾರ್ತೆಯಲ್ಲಿ ಹೇಳಿರುವುದು ಈ ಎರಡನೆಯದನ್ನೇ ಎಂದು ನಿರ್ಣಯಿಸಿದನು. ಡೆನ್ಮಾರ್ಕಿನ ಕೀರ್ಕೆಗಾರ್ಡನು 1847ರಲ್ಲಿ ಇದೇ ವಿಷಯವಾಗಿ ಒಂದು ದೊಡ್ಡ ಗ್ರಂಥವನ್ನು ಬರೆದು, ವಿಧಿಯಾದುದರಿಂದಲೇ ಪ್ರೀತಿಯು ಸ್ಥಿರವಾಗುವುದೆಂದು ವಾದಿಸಿದನು. ಮೆಚ್ಚಿಕೆಯು ಬಂದಂತೆಯೇ ಹೋಗುವುದು. ಕರ್ತವ್ಯವಾದ ಪ್ರೀತಿಗೆ ಹೋಗಲು ಎಡೆಯಿಲ್ಲವೆಂಬುದು ಅವನ ಅಭಿಪ್ರಾಯ. ಕ್ಯಾಂಟನ ನಿರ್ಣಯವು ಸ್ಪಷ್ಟವಾಗಿದೆ, ಆದರೆ ತಣ್ಣಗಿದೆ. ಕರ್ತವ್ಯದಿಂದಲೇ ಬಂದ ಉಪಕಾರವನ್ನು ಪಡೆದವನಿಗೆ ಅದು ತಿಳಿಯದೆ ಹೋಗುವುದಿಲ್ಲ.

ಕನ್ನಡದಲ್ಲಿ ಈ ಭಾವಕ್ಕೆ ಹೊಂದುವ ಇನ್ನೊಂದು ಮಾತುಂಟು. ‘ಒಲ್’ ಎಂಬ ದೇಶ್ಯಧಾತುವಿನಿಂದ ‘ಒಲವು’, ‘ಒಲುಮೆ’ ಬಂದಂತೆ ‘ಒಲ್ಲೆ’ ಎಂಬುದೂ ಬಂದಿದೆ. ಪ್ರೀತಿಸುವುದಕ್ಕೂ ಇಚ್ಛಿಸಿ ಒಪ್ಪುವುದಕ್ಕೂ ಒಂದೇ ಬೇರು. ನಿರಾಕರಿಸುವವನು ಆಡುವ ಮಾತು ಆ ಬೇರಿನದೇ ನಿಷೇಧರೂಪವು. ಸಂಕಲ್ಪವೂ ಪ್ರೀತಿಯೂ ಒಂದೇ ಪದದಲ್ಲಿ ಹೀಗೆ ಕೂಡಿರುವುದು ಕ್ರೈಸ್ತಾರ್ಥಕ್ಕೆ ಬಹಳ ಅನುಕೂಲವಾಗಿತ್ತು. ಆದರೂ ಬೈಬಲ್ಲಿನ ಗದ್ಯದಲ್ಲಿ ನೆಲೆನಿಂತದ್ದು ‘ಪ್ರೀತಿ’ಯೇ.

ಆದರೆ ವಿಧಿಯ ಇನ್ನೊಂದು ಪದವನ್ನು ಆರಿಸುವುದರಲ್ಲಿ ಅನುವಾದಕರು ಭಾಗ್ಯವಂತರೇ ಸರಿ. ಹೀಬ್ರೂ ಭಾಷೆಯ ‘ರೇಅ’ ಎಂಬುದಕ್ಕೆ ಜೊತೆಗಾರನೆಂಬ ಅರ್ಥವು ಮುಖ್ಯವಾದದ್ದು. ಗ್ರೀಕಿನ ‘ಪ್ಲೇಸಿಯೋನ್’ ಎಂಬುದಕ್ಕೆ ಹತ್ತಿರದವನೆಂದರ್ಥ. ಜರ್ಮನಿನಲ್ಲಿ ಅತ್ಯಂತ ಹತ್ತಿರದವನೆಂದೇ ಹೇಳುತ್ತಾರೆ. ಕನ್ನಡದ ‘ನೆರೆಯವನು’ ಈ ಎರಡು ಭಾವಗಳನ್ನೂ ಹೊತ್ತಿದೆ. ‘ನೆರೆ’ ಎಂದರೆ ಒಂದುಗೂಡು, ಸಮೀಪ, ಜನ ಸೇರಿದರೆ ‘ನೆರವಿ’, ಸಹಾಯಕ್ಕೆ ‘ನೆರವು’. ಇವೆಲ್ಲ ಒಂದೇ ಕುಟುಂಬದ ಮಾತುಗಳೆಂದು ಭಾವಿಸಲು ಅಡ್ಡಿಯಿಲ್ಲ. ಹತ್ತಿರವಿರುವವನೇ ನೆರವಾಗತಕ್ಕವನೆಂಬ ಲೋಕಾನುಭವವು ಭಾಷೆಯಲ್ಲಿಯೇ ಹುದುಗಿಕೊಂಡಿದೆ. (‘ನೆರೆಹೊರೆ’ಯ ‘ಹೊರೆ’ಯು ಭಾರವಲ್ಲ; ಸಮೀಪವೆಂಬರ್ಥದ ಹಳಗನ್ನಡದ ‘ಪೊರೆ’. ಹೊರುವ ‘ಹೊರೆ’ಯು ಹಿಂದೆ ಶಕಟರೇಫದಿಂದ ಕೂಡಿದ್ದಿತು. ಹೊಸಗನ್ನಡದಲ್ಲಿ ಎರಡೂ ಒಂದಾಗಿ ಕಾಣುವುದನ್ನು ನೆರೆಯವರಿಂದ ಬೇಸತ್ತವರು ಅರ್ಥವತ್ತಾಗಿದೆಯೆಂದು ಹೇಳಬಹುದು.)

ಈ ವಿಧಿಯು ಕ್ರಿಸ್ತನಿಂದ ಮೊದಲಾದುದಲ್ಲ. ಯೆಹೂದ್ಯರ ಧರ್ಮಶಾಸ್ತ್ರವಾದ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಅದು ಮೊದಲು ಬರುತ್ತದೆ. ಆ ಅಧ್ಯಾಯವನ್ನು ಮೊದಲಿನಿಂದ ಓದುವವರಿಗೆ ಆಶ್ಚರ್ಯವುಂಟಾಗುವುದು ಸಹಜ. ಸುತ್ತಲೂ ಇರುವ ವಿಧಿಗಳಲ್ಲಿ ಕೋಮಲವಾದ ಮಾತೇ ಕಡಮೆ. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕೂಲಿಯವನ ಕೂಲಿಯು ಬೆಳಗಿನ ತನಕ ಒಡೆಯನ ಬಳಿ ಉಳಿಯಕೂಡದು. ಕಿವುಡನನ್ನು ಶಪಿಸಬಾರದು, ಕುರುಡನ ಮುಂದೆ ಎಡವುವಂತಹದನ್ನು ಇಡಬಾರದು. ತಕ್ಕಡಿಯೂ ಅಳತೆಯೂ ಸರಿಯಾಗಿರಬೇಕು. ಇವುಗಳ ನಡುವೆ ಪ್ರೀತಿಯ ವಿಧಿಯು ಕುಳಿತಿದೆ. ಪ್ರೀತಿಯೆಂದರೇನೆಂದು ಆ ಶಾಸ್ತ್ರಕಾರನನ್ನು ಕೇಳಿದ್ದರೆ ಅವನು ತಕ್ಕಡಿಯ ಕಡೆಗೆ ಕೈದೋರಿಸುತ್ತಿದ್ದನೇನೋ! ಅದೇ ಅಧ್ಯಾಯದ ಮುಂದಿನ ಭಾಗದಲ್ಲಿ ನಾಡಿನಲ್ಲಿ ಬಂದು ನೆಲಸಿದ ಪರದೇಶಿಯ ವಿಷಯದಲ್ಲಿಯೂ ಇದೇ ವಿಧಿಯು ಮರಳಿ ಹೇಳಲ್ಪಟ್ಟಿದೆ.

ಹಾಗಾದರೆ ನೆರೆಯವನೆಂಬವನು ಯಾರು? ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಒಬ್ಬ ಶಾಸ್ತ್ರಜ್ಞನು ಈ ಪ್ರಶ್ನೆಯನ್ನೇ ಕೇಳುತ್ತಾನೆ. ಎಲ್ಲೆಯನ್ನು ಗೊತ್ತುಮಾಡಿಕೊಟ್ಟರೆ ಅದರಿಂದಾಚೆಯವರ ಋಣವಿಲ್ಲವೆಂಬುದು ಅವನ ಪ್ರಶ್ನೆಯ ಒಳಗುಟ್ಟು. ಉತ್ತರವಾಗಿ ಬಂದ ಕಥೆಯು ಸುಪರಿಚಿತವಾಗಿದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಹೊಡೆದುಹಾಕಿದವನನ್ನು ಯಾಜಕನೂ ಲೇವಿಯನೂ ಕಂಡು ಆಚೆಗೆ ಸರಿದು ಹೋದರು, ಸಮಾರ್ಯದವನು ನಿಂತನು. ಸಮಾರ್ಯದವರಿಗೂ ಯೆಹೂದ್ಯರಿಗೂ ಹೊಕ್ಕುಬಳಕೆಯಿರಲಿಲ್ಲವೆಂಬುದನ್ನು ಮರೆತರೆ ಕಥೆಯ ಮೊನೆಯೇ ಮುರಿದಂತೆ. ಕಡೆಯಲ್ಲಿ ಕ್ರಿಸ್ತನು ಪ್ರಶ್ನೆಯನ್ನು ತಿರುಗಿಸಿಬಿಡುತ್ತಾನೆ: ಬಿದ್ದವನಿಗೆ ಈ ಮೂವರಲ್ಲಿ ನೆರೆಯವನಾದವನು ಯಾರು? ಶಾಸ್ತ್ರಜ್ಞನು ಕೇಳಿದ್ದು ಪ್ರೀತಿಯನ್ನು ಪಡೆಯತಕ್ಕವನ ಲಕ್ಷಣವನ್ನು. ಅವನಿಗೆ ದೊರೆತದ್ದು ಪ್ರೀತಿಸುವವನ ಲಕ್ಷಣ. ನೆರೆಯವನಾಗಿರುವುದು ಸ್ಥಾನದಿಂದಲ್ಲ, ನೆರೆಯವನಾಗಬೇಕು.

ಈ ಕಥೆಯಲ್ಲಿ ಉಪನ್ಯಾಸಕಾರರು ಸಾಮಾನ್ಯವಾಗಿ ಅವಸರದಿಂದ ದಾಟುವ ಭಾಗವೊಂದಿದೆ; ಅದು ಲೆಕ್ಕದ ಭಾಗ. ಸಮಾರ್ಯದವನ ಕನಿಕರಕ್ಕೆ ಒಂದೇ ಮಾತು. ಅವನ ಕೆಲಸಕ್ಕೆ ಹಲವು. ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದನು, ಸ್ವಂತ ವಾಹನದ ಮೇಲೆ ಕುಳ್ಳಿರಿಸಿದನು, ಛತ್ರಕ್ಕೆ ಕರೆದುಕೊಂಡು ಹೋಗಿ ರಾತ್ರಿಯೆಲ್ಲ ನೋಡಿಕೊಂಡನು. ಮರುದಿನ ಛತ್ರದವನಿಗೆ ಎರಡು ದಿನಾರಿಗಳನ್ನು ಕೊಟ್ಟು, ಹೆಚ್ಚಾದುದನ್ನು ಹಿಂದಿರುಗುವಾಗ ಸಲ್ಲಿಸುವೆನೆಂದು ಹೇಳಿ ತನ್ನ ದಾರಿಯನ್ನು ಹಿಡಿದನು. ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಕಥೆಯಿಂದ ದಿನಾರಿಯೊಂದು ಆಳಿನ ಒಂದು ದಿನದ ಕೂಲಿಯೆಂದು ತಿಳಿಯುತ್ತದೆ. ಎರಡು ದಿನದ ಕೂಲಿ, ಒಂದು ಭಾಷೆ, ಆಮೇಲೆ ಪ್ರಯಾಣ. ಅವನು ತನ್ನ ಉದ್ಯೋಗವನ್ನು ಬಿಡಲಿಲ್ಲ. ಬಿದ್ದವನನ್ನು ಜೀವಮಾನದ ಋಣಿಯನ್ನಾಗಿಯೂ ಮಾಡಿಕೊಳ್ಳಲಿಲ್ಲ. ಈ ಎರಡನೆಯ ಸಂಗತಿಯು ಮುಂದಿನ ವಿಚಾರಕ್ಕೆ ಬೇಕಾಗಿರುತ್ತದೆ.

ಉದ್ಯೋಗದಲ್ಲಿದ್ದುಕೊಂಡೇ ಪ್ರೀತಿಯನ್ನು ನಡೆಸಬೇಕೆಂಬುದನ್ನು ಸಿದ್ಧಾಂತವಾಗಿ ಬೆಳೆಸಿದವನು ಮಾರ್ಟಿನ್ ಲೂಥರನು. ಮಧ್ಯಯುಗದಲ್ಲಿ ದೇವರ ‘ಕರೆ’ಯೆಂಬುದು ಮುಖ್ಯವಾಗಿ ಮಠವಾಸಿಗಳಿಗೂ ಯಾಜಕರಿಗೂ ಸಲ್ಲುವ ಮಾತಾಗಿತ್ತು. ಲೂಥರನು ‘ಬೆರೂಫ್’ ಎಂಬ ಜರ್ಮನ್ ಪದವನ್ನು ಚಮ್ಮಾರನ, ಸೇವಕಿಯ, ತಂದೆತಾಯಿಗಳ ಕೆಲಸಕ್ಕೂ ಅನ್ವಯಿಸಿದನು. ಕರೆಯೆಂದೂ ಕಸಬೆಂದೂ ಅದಕ್ಕೆ ಎರಡರ್ಥಗಳು. 1522ರಲ್ಲಿ ವಿವಾಹಧರ್ಮವನ್ನು ಕುರಿತು ಬರೆಯುತ್ತ, ಮಗುವಿನ ಬಟ್ಟೆಯನ್ನು ಒಗೆಯುವ ತಂದೆಯನ್ನು ಲೋಕವು ನಕ್ಕರೂ ದೇವರು ಮೆಚ್ಚುವನೆಂದು ಅವನು ಹೇಳಿದ್ದುಂಟು. ದೇವರಿಗೆ ಮನುಷ್ಯನ ಸತ್ಕಾರ್ಯಗಳು ಬೇಕಾಗಿಲ್ಲ, ನೆರೆಯವನಿಗೆ ಬೇಕಾಗಿವೆ ಎಂಬುದು ಅವನ ಬೋಧೆಯ ತಾತ್ಪರ್ಯ. ಹನ್ನೆರಡನೆಯ ಶತಮಾನದ ಶಿವಶರಣರ ‘ಕಾಯಕ’ವು ಇಲ್ಲಿ ಕನ್ನಡಿಗರ ನೆನಪಿಗೆ ಬಾರದಿರದು. ಹೋಲಿಕೆಯು ನಿಜವಾದುದಾದರೂ ಕಾಯಕದಲ್ಲಿ ಕೆಲಸವು ತಾನೇ ಪೂಜೆಯಾಗುತ್ತದೆ, ಲೂಥರನಲ್ಲಿ ಅದು ಪೂಜೆಯಾಗದೆ ನೆರೆಯವನ ಕಡೆಗೆ ತಿರುಗುತ್ತದೆ ಎಂಬ ಭೇದವನ್ನು ಮರೆಯಲಾಗದು. ಲೂಥರನ ಬೋಧೆಯಲ್ಲಿ ಒಂದು ಕೊರತೆಯೂ ಉಂಟು. ಅವರವರ ಸ್ಥಾನದಲ್ಲಿ ಅವರವರು ಇರಬೇಕೆಂಬ ಮಾತು ಸ್ಥಾನವೇ ಅನ್ಯಾಯವಾದಾಗ ಏನು ಹೇಳುತ್ತದೆ? 1525ರ ರೈತರ ದಂಗೆಯಲ್ಲಿ ಅವನು ಪ್ರಭುಗಳ ಪಕ್ಷವನ್ನು ಹಿಡಿದನು.

ಈ ಬೋಧೆಯಲ್ಲಿ ಬೆಳೆದ ಜರ್ಮನರೂ ಸ್ವಿಸ್ಸರೂ ಕರ್ಣಾಟಕಕ್ಕೆ ಬಂದಾಗ ಅದರ ಪರೀಕ್ಷೆಯು ನಡೆಯಿತು. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನ ಮೂವರು ಉಪದೇಶಕರು 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನ್ನಿನ ಮೋಗ್ಲಿಂಗ್, ಕಿಟ್ಟೆಲ್ ಮೊದಲಾದವರ ಸಾಹಿತ್ಯಸೇವೆಯು ಸರ್ವವಿದಿತ. ಅವರ ಸಭೆಯನ್ನು ಸೇರಿದವರ ಹೊಟ್ಟೆಪಾಡಿನ ಕಥೆಯು ಅಷ್ಟು ವಿದಿತವಲ್ಲ. ಸೇರಿದವರಲ್ಲಿ ಬಿಲ್ಲವರು ಬಹುಮಂದಿ. ಕಳ್ಳಿಳಿಸುವ ಕಸಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಗೇಣಿಗಿದ್ದ ಭೂಮಿಯು ಧನಿಗಳ ಮುನಿಸಿನಿಂದ ತಪ್ಪಿಹೋಗುತ್ತಿತ್ತು. ಕುಟುಂಬದ ಆಸರೆಯೂ ಹೋಯಿತು. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗದೆಂದು 1850ರಲ್ಲಿ ಕಾನೂನಾಯಿತೇನೋ ನಿಜ. ಹಕ್ಕಿದ್ದ ಮಾತ್ರಕ್ಕೆ ಅಂದಿನ ಗಂಜಿಯು ಬೇಯುವುದಿಲ್ಲ. ನೆರೆಯವನನ್ನು ಪ್ರೀತಿಸಬೇಕೆಂದು ಬೋಧಿಸಿದವರ ಬಾಗಿಲಲ್ಲಿ, ಆ ಬೋಧೆಯಿಂದಲೇ ನೆರೆಯನ್ನೆಲ್ಲ ಕಳೆದುಕೊಂಡವರು ಬಂದು ನಿಂತರು.

ಭಿಕ್ಷೆಯನ್ನು ಹಾಕುವುದು ಮಿಶನ್ನಿನವರ ಮನಸ್ಸಿಗೆ ಒಗ್ಗಲಿಲ್ಲ. 1851ರಲ್ಲಿ ನೆಯ್ಗೆಯನ್ನು ಬಲ್ಲ ಹಾಲರ್ ಎಂಬವರು ಬಂದು ಮಗ್ಗಗಳನ್ನು ಹೂಡಿದರು. ಖಾಕಿಯ ಬಣ್ಣವು ಅವರ ಶೋಧನೆಯೆಂದು ಹೇಳುವ ವಾಡಿಕೆಯುಂಟು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ನಿಲ್ಲಿಸಿದರು. ನೇತ್ರಾವತಿಯ ಜೇಡಿಯಿಂದ ಒತ್ತಿ ಸುಟ್ಟ ಆ ಹಂಚು ಮಂಗಳೂರು ಹಂಚೆಂಬ ಹೆಸರಿನಿಂದ ದೇಶದೇಶಗಳಿಗೆ ಹೋಯಿತು. ಮುಂದೆ ಮಲ್ಪೆ, ಕಲ್ಲಿಕೋಟೆ ಮೊದಲಾದೆಡೆಗಳಲ್ಲಿಯೂ ಕಾರ್ಖಾನೆಗಳಾದವು. ಬೇರೆಬೇರೆ ಜಾತಿಗಳಿಂದ ಬಂದವರು ಒಂದೇ ಸೂರಿನಡಿಯಲ್ಲಿ ನಿಂತು, ದುಡಿದ ಹಣವನ್ನು ತಲೆಯೆತ್ತಿ ಮನೆಗೆ ಕೊಂಡೊಯ್ದರು. ಯಾಜಕಕಾಂಡದ ಶಾಸ್ತ್ರಕಾರನು ಇದನ್ನು ಪ್ರೀತಿಯೆಂದೇ ಒಪ್ಪುತ್ತಿದ್ದನು.

ಆದರೆ ಸಮಾರ್ಯದವನು ತನ್ನ ದಾರಿಯನ್ನು ಹಿಡಿದು ಹೋದನು, ಮಿಶನ್ ಹೋಗಲಿಲ್ಲ. ಉಪದೇಶಿಸುವವರೂ ಕೂಲಿ ಕೊಡುವವರೂ ಒಂದೇ ಸಂಸ್ಥೆಯವರಾದರು. ಸಭೆಯ ಶಿಸ್ತನ್ನು ಮೀರಿದವನಿಗೆ ಕೆಲಸದ ಭಯ, ಕೆಲಸದ ಮೇಲಿನವನೊಡನೆ ಕಲಹಕ್ಕಿಳಿದವನಿಗೆ ಸಭೆಯ ಭಯ. ಕೂಲಿಯು ಹಕ್ಕೋ ಉಪಕಾರವೋ ಎಂಬ ಪ್ರಶ್ನೆಯು ಅಲ್ಲಿ ಸ್ಪಷ್ಟವಾಗಿ ಏಳುವಂತೆಯೇ ಇರಲಿಲ್ಲ. ಸಭೆಯು ಇದರಿಂದ ಪರಾವಲಂಬಿಯಾಗುವುದೆಂಬ ಅಳುಕು ಮಿಶನ್ನಿನೊಳಗೂ ಇತ್ತು. ಪ್ರೀತಿಯು ಕೃಪೆಯಾಗಿ ತೋರಿದೊಡನೆ ಪಡೆದವನು ಚಿಕ್ಕವನಾಗುತ್ತಾನೆ. ಮಾಡುವವನ ಸದ್ಭಾವವು ಎಷ್ಟಿದ್ದರೂ ಇದು ತಪ್ಪುವುದಿಲ್ಲ.

ಅದೇ ಊರಿನಲ್ಲಿ ಇನ್ನೊಂದು ರೀತಿಯೂ ಕಾಣಬಂದಿತು. 1878ರಲ್ಲಿ ಬಂದ ಜೆಸುಯಿಟ್ ಸಂಘದವರಲ್ಲಿ ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿಗಳಿದ್ದರು. ಬೋಧಿಸಲೆಂದು ಬಂದ ಇವರು 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿಗಳನ್ನು ಬಡವರಿಗೆ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವಾಯಿತು. ರೋಗಿಯು ಗುಣವಾಗಿ ತನ್ನ ದಾರಿಯನ್ನು ಹಿಡಿಯುವುದು ಚಿಕಿತ್ಸಾಲಯದ ಧರ್ಮವೇ ಆದುದರಿಂದ ಕಾರ್ಖಾನೆಯ ತೊಡಕು ಇಲ್ಲಿ ಅಷ್ಟಾಗಿ ಹುಟ್ಟಲಿಲ್ಲ. ಆದರೆ ಉಣ್ಣಲಿಲ್ಲದವನಿಗೆ ಔಷಧಿಯು ಎಷ್ಟು ದಿನ ಆದೀತು?

1914ರಲ್ಲಿ ಯುದ್ಧವು ಮೊದಲಾಯಿತು. ಎಂಬತ್ತು ವರ್ಷಗಳಿಂದ ಊರಿನವರಾಗಿದ್ದ ಬಾಸೆಲ್ ಮಿಶನ್ನಿನ ಜರ್ಮನರು ಸರಕಾರದ ದೃಷ್ಟಿಯಲ್ಲಿ ಶತ್ರುಗಳಾದರು. ಕೆಲವರನ್ನು ಸೆರೆಯಲ್ಲಿಟ್ಟರು, ಬಹುಮಂದಿಯನ್ನು ದೇಶದಿಂದ ಕಳುಹಿಸಿದರು. ಸಭೆಗಳ ಭಾರವು ಬಹುಮಟ್ಟಿಗೆ ದೇಶೀಯ ಉಪದೇಶಕರ ಮೇಲೆ ಬಿದ್ದಿತು. ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ವಶವಾದವು. ಅಲ್ಲಿಂದ ಮುಂದೆ ಹಂಚು ಒತ್ತುವವನಿಗೆ ಕೂಲಿಯು ಒಂದು ಕೈಯಿಂದಲೂ ಉಪದೇಶವು ಇನ್ನೊಂದು ಕೈಯಿಂದಲೂ ಬರತೊಡಗಿತು.